ಕೆರೆ ನೋಡೋಕೆ ಕಾಂಕ್ರೀಟ್ ಯಾಕೆ ಸ್ವಾಮಿ?

ದಿಲ್ಲಿ ಸುತ್ತಮುತ್ತ ಎಲ್ಲಿ ನಾಲ್ಕು ಮರ, ಒಂದು ಹೊಂಡ ನೀರು ಉಳಿದಿದೆಯೋ ಅಲ್ಲೊಂದು ವ್ಯೂ ಪಾಯಿಂಟ್ ಏಳುತ್ತದೆ. ಸಿಮೆಂಟಿನಲ್ಲಿ ಎರಕ ಹೊಯ್ದು, ಮರದ ದಿಮ್ಮಿಯ ಹಾಗೆ ಕಂದು ಬಳಿದ ಕಟಕಟೆ. ಹಸಿರು ಪೇಂಟಿನ ಕಂಬ. ಪಕ್ಕದಲ್ಲಿ ‘ಐ ಲವ್’ ಅಂತ ಆಳೆತ್ತರದ ಅಕ್ಷರ. ರಾತ್ರಿಗೆ ಬಣ್ಣಬಣ್ಣದ ಲೈಟು. ಕೇಳಿದರೆ, ಇದು ಪ್ರಕೃತಿಯ ಜೊತೆ ಬೆರೆಯುವ ವಿನ್ಯಾಸವಂತೆ. ಅಲ್ರೀ, ಬೆರೆತದ್ದು ಎಲ್ಲಿ? ಎರಡು ಕಿಲೋಮೀಟರ್ ದೂರದಿಂದ ಕಾಣುತ್ತಲ್ಲ!

ನೋಡುವ ಜಾಗ ಅನ್ನೋದು ಕನ್ನಡಕದ ಹಾಗಿರಬೇಕು. ಹಾಕಿಕೊಂಡ ಮೇಲೆ ಎದುರಿನದು ಕಾಣಬೇಕು, ಕನ್ನಡಕ ಕಾಣಬಾರದು. ಇಷ್ಟು ಸರಳ ಸಂಗತಿ ಕಾಲು ಶತಮಾನದಿಂದ ಈ ಊರಿನ ಧೂಳು ಕುಡಿಯುತ್ತಿರುವ ನನಗೆ ಹೊಳೆಯುತ್ತೆ, ಟೆಂಡರ್ ಕರೆಯುವವರಿಗೆ ಹೊಳೆಯಲ್ಲ.

ಉತ್ತರ ದಿಲ್ಲಿಯ ರಿಡ್ಜ್ ಮೇಲೆ 1828ರ ಫ್ಲ್ಯಾಗ್‌ಸ್ಟಾಫ್ ಟವರ್ ಇದೆ, ಯೂನಿವರ್ಸಿಟಿ ಕಡೆ ಓಡಾಡಿದವರು ನೋಡಿರುತ್ತೀರಿ. ಕಂಪನಿಯವರು ಅದನ್ನು ದಿಬ್ಬದ ನೆತ್ತಿಯ ಮೇಲೆ ಕಟ್ಟಿದ್ದು ದೂರಕ್ಕೆ ಕಾಣಲಿ ಅಂತಲೇ. 1857ರ ಮೇ 11ರಂದು ಊರಿನ ಇಂಗ್ಲಿಷರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಓಡಿ ಸೇರಿದ್ದೂ ಅಲ್ಲಿಗೇ. ಬಾವುಟ ಹಾರಿಸೋಕೆ ನೆತ್ತಿ ಸರಿ. ಹಕ್ಕಿ ನೋಡೋಕೂ ಅದೇ ನಮೂನೆ ಯಾಕೆ? ಇನ್ನೂರು ವರ್ಷವಾದರೂ ನಮ್ಮವರ ತಲೆಯಿಂದ ಆ ಕಂಪನಿ ಟವರ್ ಇಳಿದಿಲ್ಲ.

ನಮ್ಮ ಮಲೆನಾಡಿನ ರೈತನನ್ನು ಕೇಳಿ. ಗದ್ದೆಗೆ ಹಂದಿ ಬರುತ್ತೆ ಅಂತ ಅವನು ಮಾಳ ಕಟ್ಟುತ್ತಾನೆ. ಬಯಲುಸೀಮೆಯವರು ಅಟ್ಟಣಿಗೆ ಅನ್ನುತ್ತಾರೆ. ಕೈಗೆ ಸಿಕ್ಕಿದ ಗಳು, ಮೇಲೆ ಸೋಗೆ ಇಲ್ಲವೇ ಹುಲ್ಲು, ಬೆನ್ನಿಗೆ ಮರ. ಇಬ್ಬರು ಕೂರುವಷ್ಟು ಜಾಗ. ಆರ್ಕಿಟೆಕ್ಟ್ ಇಲ್ಲ, ರಿಬ್ಬನ್ ಕತ್ತರಿಸೋಕೆ ಮಂತ್ರಿ ಇಲ್ಲ. ಕೆಲಸ ಮುಗಿದ ಮೇಲೆ ಮಳೆ, ಗೆದ್ದಲು ಸೇರಿ ಅದನ್ನು ಮತ್ತೆ ಮಣ್ಣಿಗೇ ಸೇರಿಸುತ್ತವೆ.

ಈಗ ಗುರುಗ್ರಾಮದಿಂದ ಫರೂಖ್‌ನಗರದ ದಾರಿಯಲ್ಲಿರುವ ಸುಲ್ತಾನ್‌ಪುರಕ್ಕೆ ಬನ್ನಿ. ಕೇವಲ ಒಂದೂವರೆ ಚದರ ಕಿಲೋಮೀಟರಿನಷ್ಟು ಜಾಗ. 2021ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬಂದಿಳಿಯುತ್ತದೆ. ಇಂಥ ಕಡೆ ನೋಡುವ ಜಾಗ ಮಾಡೋದಕ್ಕೆ ಲೆಕ್ಕಾಚಾರ ಬೇಕು. ಹಕ್ಕಿ ಹೆದರೋದು ಆಕಾಶದ ಎದುರು ಅಲುಗಾಡುವ ಕಪ್ಪು ಆಕೃತಿಗೆ. ಹಾಗಾಗಿ ಎತ್ತರ ಕಡಿಮೆ ಇರಬೇಕು, ಹಿಂದೆ ಪೊದೆಯೋ ಗೋಡೆಯೋ ಇರಬೇಕು. ಅಲ್ಲಿಗೆ ಹೋಗುವ ಕಾಲುದಾರಿಗೂ ಮರೆ ಬೇಕು. ಇಲ್ಲದಿದ್ದರೆ ನೀವು ತಲುಪುವ ಹೊತ್ತಿಗೆ ಬರೀ ನೀರು ನೋಡಿಕೊಂಡು ಬರಬೇಕು! ಬೆಳಿಗ್ಗೆ ನೋಡುವವರಿಗೆ ಜಾಗ ಪೂರ್ವದ ದಡದಲ್ಲಿರಬೇಕು. ಸೂರ್ಯ ಬೆನ್ನಿಗಿದ್ದರೆ ರೆಕ್ಕೆಯ ಬಣ್ಣ ಕಾಣುತ್ತದೆ, ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಾಗೆಯೇ. ಕಣ್ಣಿನ ಮಟ್ಟಕ್ಕೊಂದು ಉದ್ದನೆ ಕಿಂಡಿ, ಮಕ್ಕಳಿಗೆ ಕೆಳಗೊಂದು. ಗಾಜು ಬೇಡ, ಹಕ್ಕಿ ಬಡಿದು ಸಾಯುತ್ತದೆ. ಲೈಟಂತೂ ಬೇಡವೇ ಬೇಡ.

ಬಣ್ಣದ ವಿಷಯಕ್ಕೆ ಬರೋಣ. ಹಸಿರು ಬಳಿದರೆ ಕಾಡಿಗೆ ಹೊಂದುತ್ತೆ ಅನ್ನೋದು ಕುರ್ಚಿಯಲ್ಲಿ ಕೂತವರ ನಂಬಿಕೆ. ಗುರುಗ್ರಾಮ–ಫರೀದಾಬಾದ್ ನಡುವಿನ ಮಂಗರ್ ಬನಿ ನೋಡಿ. ನಮ್ಮ ದೇವರಕಾಡಿನ ಹಾಗೇ ಅದು. ಗುದರಿಯಾ ದಾಸ್ ಬಾಬಾ ಹೆಸರಿನಲ್ಲಿ ಹಳ್ಳಿಯವರು ಕೊಂಬೆ ಮುರಿಯದೆ ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿನ ಧೌ ಮರಗಳು ಮಳೆಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಎಲೆ ಉದುರಿಸಿ ಬೂದುಗಂದು. ಮೇ ತಿಂಗಳಲ್ಲಿ ಅಲ್ಲಿ ನಿಮ್ಮ ಹಸಿರು ಕಂಬ ಮದುವೆ ಮನೆಯ ಚಪ್ಪರದ ಹಾಗೆ ಹೊಡೆದು ಕಾಣುತ್ತದೆ. ಅರಾವಳಿಗೆ ಅರಾವಳಿಯದೇ ಕಲ್ಲು ಸಾಕು. ಬಿದ್ದಿರುವ ಕಲ್ಲನ್ನೇ, ಕ್ವಾರಿ ತೆಗೆಯದೆ, ನೆತ್ತಿಯಿಂದ ನಾಲ್ಕಾಳು ಕೆಳಗೆ ಇಳಿಜಾರಿನಲ್ಲಿ ಗಾರೆ ಹಾಕದೆ ಜೋಡಿಸಿದರೆ ಬೆಟ್ಟದ ಗೆರೆ ಕೆಡೋದಿಲ್ಲ.

ಇದು ಬರೀ ಚೆಂದದ ಪ್ರಶ್ನೆ ಅಂದುಕೊಳ್ಳಬೇಡಿ. ಅಸೋಲಾ ಭಟ್ಟಿಯ ನೀಲಿ ಝೀಲ್ ನಿಮಗೆ ಗೊತ್ತಲ್ಲ, ಬದರ್‌ಪುರ ಮರಳು ಅಗೆದ ಹೊಂಡದಲ್ಲಿ ನಿಂತ ನೀರು. 2023ರಲ್ಲಿ ಅಲ್ಲಿ ಪಂಪು ಹಚ್ಚಿ ಕೃತಕ ಜಲಪಾತ ಹರಿಸಲು ಹೊರಟರು. ಜೋಗದ ಸೀಮೆಯವನಿಗೆ ನಗು ಬರದೆ ಇನ್ನೇನು? ನೋಟ ಸಾಲದು, ತಮಾಷೆ ಬೇಕು ಅಂತ ಒಮ್ಮೆ ಹೊರಟರೆ ಅದಕ್ಕೆ ಕೊನೆಯಿಲ್ಲ. ವ್ಯೂ ಪಾಯಿಂಟ್ ಬಂದರೆ ರಸ್ತೆ, ರಸ್ತೆ ಬಂದರೆ ಪಾರ್ಕಿಂಗ್, ಹಿಂದೆಯೇ ಫುಡ್ ಕೋರ್ಟ್. ಹರಿಯಾಣದವರು 2022ರಲ್ಲಿ 10,000 ಎಕರೆ ಅರಾವಳಿ ಸಫಾರಿ ಪಾರ್ಕ್ ಅಂತ ಘೋಷಿಸಿದರು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತಡೆಯಬೇಕಾಯಿತು.

“ಹಾಗಾದರೆ ಜನ ನೋಡಲೇಬಾರದಾ? ಯಾರಾದರೂ ಬಿದ್ದರೆ?” ಅಂತ ಕೇಳುವವರಿದ್ದಾರೆ. ನೋಡಲೇಬೇಕು ಸ್ವಾಮಿ! ನೋಡದ ಕಾಡಿನ ಪರವಾಗಿ ಯಾರೂ ದನಿ ಎತ್ತಲ್ಲ. ಆದರೆ ನಲವತ್ತು ಮೆಟ್ಟಿಲಿನ ಸುರುಳಿ ಏಣಿಯ ಟವರನ್ನು ನಮ್ಮ ಮಂಡಿನೋವಿನ ಅಮ್ಮಂದಿರು ಹತ್ತುವುದು ಹೇಗೆ? ನೆಲದ ಮಟ್ಟದಲ್ಲೇ ಕಲ್ಲಿನ ಕಟ್ಟೆ, ಸೊಂಟದೆತ್ತರದ ಗೋಡೆ, ಒಂದಿಷ್ಟು ನೆರಳು ಇದ್ದರೆ ಬೀಳುವ ಭಯವೂ ಇಲ್ಲ, ಗಾಲಿಕುರ್ಚಿಯೂ ಬರುತ್ತದೆ. ಕಡಿಮೆ ಕಟ್ಟಿದರೆ ಖರ್ಚೂ ಕಡಿಮೆ. ಬಹುಶಃ ತೊಂದರೆ ಇರೋದೇ ಅಲ್ಲಿ!

ನೋಯ್ಡಾ, ಗುರುಗ್ರಾಮ, ದ್ವಾರಕಾ ಸೊಸೈಟಿಗಳಲ್ಲಿರುವ ಕನ್ನಡಿಗರೇ, ಮುಂದಿನ ಸಲ ನಿಮ್ಮ ವಾಟ್ಸಾಪ್ ಗುಂಪಿಗೆ ಹೊಳೆಯುವ ಟವರಿನ ಚಿತ್ರ ಬಂದಾಗ ಚಪ್ಪಾಳೆ ತಟ್ಟುವ ಮುಂಚೆ ಮೂರು ಪ್ರಶ್ನೆ ಹಾಕಿ. ಮೇ ತಿಂಗಳಲ್ಲಿ ಇದು ಹೇಗೆ ಕಾಣುತ್ತದೆ? ಹಕ್ಕಿಗೆ ನಾವು ಕಾಣುತ್ತೇವಾ? ಅಜ್ಜಿ ಇಲ್ಲಿಗೆ ಬರಬಹುದಾ? ಉತ್ತರ ಸಿಗದಿದ್ದರೆ ಬೇಡ ಅನ್ನಿ, ಜೋರಾಗಿಯೇ ಅನ್ನಿ. ಏನಂತೀರಿ?