ಮೊದಲ ಪುಟ ಕೊನೆಗೆ



ದೀಪಾವಳಿಯಲ್ಲಿ ಹೊಸ ವಹಿಯ ಮೊದಲ ಪುಟದಲ್ಲಿ 'ಶ್ರೀ' ಬರೆಯಲು ನನಗೆ ಎಂದೂ ಕೈ ನಡುಗಿಲ್ಲ. ಆದರೆ ಮೂರು ತಿಂಗಳಿಂದ ಒಂದು ಪುಸ್ತಕದ ಮೊದಲ ಪುಟ ಬರೆಯಲಾಗದೆ ಕುಳಿತಿದ್ದೆ.

ನಮ್ಮ ಅಣ್ಣನವರು ಅಕ್ಕಲಕೋಟೆಯ ಅಂಗಡಿಯಲ್ಲಿ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಇಪ್ಪತ್ತು ವರ್ಷಗಳ ಸ್ವಾಧ್ಯಾಯದ ವಿಚಾರಗಳನ್ನು ಹಳೆಯ ಖಾತೆವಹಿಗಳಲ್ಲಿ ಬರೆದಿಟ್ಟಿದ್ದರು. ಒಟ್ಟು ಹನ್ನೊಂದು ವಹಿ. ಈಗ ಅವರಿಲ್ಲ. ಅದನ್ನು ಛಾಪಿಸಲು ಹೊರಟ ಅವರ ಮಗ, "ಕಾಕಾ, ಪ್ರಸ್ತಾವನೆ ನೀವೇ ಬರೀಬೇಕು" ಎಂದು ಹಟ ಹಿಡಿದ. ನಾನೋ ಮ್ಯಾಟ್ರಿಕ್ ಓದಿದವ. ಲೆಕ್ಕ ಬರೆದು ಗೊತ್ತು, ಪ್ರಸ್ತಾವನೆ ಗೊತ್ತಿಲ್ಲ.

ದೊಡ್ಡವರು ಹೇಗೆ ಬರೆದರೆಂದು ನೋಡಿದೆ. ನಮ್ಮ ಸದಲಗಾದ ಡಾ. ಆದಿನಾಥ ಉಪಾಧ್ಯೆಯವರು 1935ರಲ್ಲಿ ಪ್ರವಚನಸಾರಕ್ಕೆ ಬರೆದ ಪ್ರಸ್ತಾವನೆಯೇ ನೂರು ಪುಟ ದಾಟಿದೆ. ಕುಂದಕುಂದಾಚಾರ್ಯರ ಕಾಲ, ಕೃತಿಗಳು, ಪ್ರಾಕೃತ ಭಾಷೆ, ಎಲ್ಲವನ್ನೂ ಶೋಧಿಸಿದ್ದಾರೆ. ನಮ್ಮ ಸೋಲಾಪುರದ ಜೀವರಾಜ ಜೈನ ಗ್ರಂಥಮಾಲೆಗಾಗಿ ಅವರೂ ಡಾ. ಹೀರಾಲಾಲ ಜೈನರೂ ತಿಲೋಯಪಣ್ಣತ್ತಿಯನ್ನು ಸಂಪಾದಿಸಿದರು. ಮೊದಲ ಭಾಗ ಬಂದದ್ದು 1943ರಲ್ಲಿ. ವಿಸ್ತಾರವಾದ ಪ್ರಸ್ತಾವನೆ ಬಂದದ್ದು 1951ರ ಎರಡನೆಯ ಭಾಗದಲ್ಲಿ! ವ್ಯಾಪಾರಿಗೆ ಇದು ಕೂಡಲೇ ತಿಳಿಯುತ್ತದೆ. ವರ್ಷದ ಲೆಕ್ಕ ಮುಗಿಯದೆ ಅಢಾವೆ ಪತ್ರಿಕೆ ಬರೆಯಲಾದೀತೆ?

ವೀರಸೇನಾಚಾರ್ಯರು ಧವಲಾ ಟೀಕೆಯ ಆರಂಭದಲ್ಲಿ ಆರು ಸಂಗತಿಗಳನ್ನು ಮೊದಲು ಹೇಳಬೇಕೆಂದಿದ್ದಾರೆ: ಮಂಗಲ, ನಿಮಿತ್ತ, ಹೇತು, ಪರಿಮಾಣ, ನಾಮ, ಕರ್ತೃ. ಇದೇ ಸರಿಯೆಂದು ಕುಳಿತೆ. ಐದು ಹೇಗೋ ಆದವು. ಆರನೆಯದಕ್ಕೆ ಲೇಖನಿ ನಿಂತಿತು. ಕರ್ತೃವಿನ ಬಗ್ಗೆ ನನಗೇನು ಗೊತ್ತು? ವಖಾರಿಯ ಪಾಲಿನ ಜಗಳದಿಂದ ಹನ್ನೆರಡು ವರ್ಷ ನಾವು ಮಾತಾಡಿರಲಿಲ್ಲ. ಅವರು ಬರೆಯುತ್ತಿದ್ದರೆಂಬುದೂ ನನಗೆ ತಿಳಿದಿರಲಿಲ್ಲ.

ಆಗ ಹನ್ನೊಂದೂ ವಹಿಗಳನ್ನು ಮೊದಲಿನಿಂದ ಓದಿದೆ. ಕೊನೆಯ ವಹಿಯಲ್ಲಿ ಕ್ಷಮಾವಾಣಿಯ ದಿನದ ಒಂದು ಸಾಲಿತ್ತು. ವಿಜಾಪುರ ರಸ್ತೆಯ ತಮ್ಮನ ಮನೆಗೆ ಹೋಗಬೇಕೆಂದು ಹೊರಟು, ಬಸ್ ನಿಲ್ದಾಣದಿಂದ ತಿರುಗಿ ಬಂದೆನೆಂದು ಬರೆದಿದ್ದರು. ಆ ದಿನ ನಾನೂ ಹೋಗೋಣವೇ ಬೇಡವೇ ಎಂದು ಗಾದಿಯ ಮೇಲೆಯೇ ಕುಳಿತಿದ್ದೆ.

ಪ್ರಸ್ತಾವನೆ ಎರಡೇ ಪುಟವಾಯಿತು. ಕರ್ತೃವಿನ ಜಾಗದಲ್ಲಿ ಈ ಸಂಗತಿಯನ್ನು ಇದ್ದಂತೆ ಬರೆದು, ಕೆಳಗೆ ಕ್ಷಮೆ ಕೇಳಿದ್ದೇನೆ.

ಬಂಧುಗಳೇ, ಪುಸ್ತಕದ ಮೊದಲ ಪುಟವನ್ನು ಕೊನೆಗೆ ಬರೆಯಬಹುದು. ಅಣ್ಣತಮ್ಮಂದಿರ ಬಾಕಿಯನ್ನು ಮಾತ್ರ ಕೊನೆಗೆ ಇಡಬೇಡಿರಿ.