ಮಿತಿ ಮೀರಿದ ಕೋರಿಕೆಗಳು ಮತ್ತು ಅಂಗಳದಲ್ಲಿ ನಿಂತ ಲಾರಿ

ನರಗುಂದದ ಹತ್ತಿ ವರ್ತಕರು, ರೋಣದ ಕಾಳುಕಡಿ ವ್ಯಾಪಾರಿಗಳು, ಗಜೇಂದ್ರಗಡದ ಸೀರೆ ಉತ್ಪಾದಕರು ಇವರ ವ್ಯವಹಾರದ ಬಗೆ ಬೇರೆ ಬೇರೆಯಾದರೂ ಇಂದು ಒಂದು ಚಿಂತೆ ಎಲ್ಲರಿಗೂ ಸಮಾನವಾಗಿದೆ. ಸರಕು ತೂಗಿ, ಲಾರಿಗೆ ಹೇರಿ, ಹಗ್ಗ ಬಿಗಿದ ಮೇಲೆ ಗುಮಾಸ್ತನು ಗಣಕಯಂತ್ರದಲ್ಲಿ ಇ-ಇನ್‌ವಾಯ್ಸ್‌ಗಾಗಿ ಗುಂಡಿ ಒತ್ತುತ್ತಾನೆ. ‘ಕೋರಿಕೆಗಳ ಮಿತಿ ಮೀರಿದೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’ ಎಂಬರ್ಥದ ಸಂದೇಶ ಬರುತ್ತದೆ. ಆತ ಮತ್ತೆ ಒತ್ತುತ್ತಾನೆ, ಮತ್ತೂ ಒತ್ತುತ್ತಾನೆ. ಲಾರಿ ನಿಂತಲ್ಲೇ ನಿಲ್ಲುತ್ತದೆ. ‘ಸರ್ವರ್ ಕೆಟ್ಟಿದೆ’ ಎಂದು ಸರ್ಕಾರವನ್ನು ದೂರುವುದರೊಂದಿಗೆ ಪ್ರಕರಣ ಮುಗಿಯುತ್ತದೆ. ಆದರೆ ದೋಷವು ಅನೇಕ ವೇಳೆ ಸರ್ವರಿನದಾಗಿರದೆ, ವರ್ತಕರೇ ಹಣ ಕೊಟ್ಟು ಕೊಂಡ ತಂತ್ರಾಂಶದ್ದಾಗಿರುತ್ತದೆ ಎಂಬುದನ್ನು ಗಮನಿಸುವುದು ಅಗತ್ಯ.

ಇದು ದೊಡ್ಡ ಉದ್ಯಮಗಳಿಗಷ್ಟೇ ಸಂಬಂಧಿಸಿದ ವಿಷಯವೆಂದು ಭಾವಿಸುವಂತಿಲ್ಲ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಜಾರಿಯಾದ ಇ-ಇನ್‌ವಾಯ್ಸ್ ಪದ್ಧತಿಯು ಹಂತಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರನ್ನೂ ಒಳಗೊಂಡಿದೆ. ಹತ್ತಿ ಅಂಡಿಗೆಯ ವ್ಯಾಪಾರದಲ್ಲಿ 5 ಕೋಟಿ ಎಂಬುದು ದೊಡ್ಡ ಮೊತ್ತವೇನಲ್ಲ. ಕಾಳಿನ ವ್ಯಾಪಾರಿಗಳು ಇನ್ನೊಂದು ಅಂಶವನ್ನು ಮರೆಯಬಾರದು. ತೆರಿಗೆ ವಿನಾಯಿತಿಯ ಸರಕಿಗೆ ಇ-ಇನ್‌ವಾಯ್ಸ್ ಬೇಕಿಲ್ಲವಾದರೂ ಒಟ್ಟು ವಹಿವಾಟಿನ ಲೆಕ್ಕಕ್ಕೆ ಆ ಮಾರಾಟವೂ ಸೇರುತ್ತದೆ. ಬಿಡಿ ಕಾಳನ್ನೇ ಹೆಚ್ಚಾಗಿ ಮಾರುವವರೂ ನೋಂದಾಯಿತ ವರ್ತಕರಿಗೆ ಮಾಡುವ ಅಲ್ಪಸ್ವಲ್ಪ ತೆರಿಗೆಯುಕ್ತ ಮಾರಾಟಕ್ಕೆ ಇ-ಇನ್‌ವಾಯ್ಸ್ ಪಡೆಯಬೇಕಾದ ಪ್ರಸಂಗ ಬರುವುದು ಹೀಗೆ.

ಜಿಎಸ್‌ಟಿ ನಿಯಮ 48ರ ಪ್ರಕಾರ, ಇ-ಇನ್‌ವಾಯ್ಸ್ ಕಡ್ಡಾಯವಿದ್ದಲ್ಲಿ ಬೇರೆ ರೀತಿಯಲ್ಲಿ ಬರೆದ ಬಿಲ್ಲು ಬಿಲ್ಲೇ ಅಲ್ಲ. ಕೊಂಡವನ ಹೂಡುವಳಿ ತೆರಿಗೆ ಜಮೆಗೂ ಅದು ತೊಡಕು. 50 ಸಾವಿರ ರೂಪಾಯಿ ಮೀರಿದ ಸರಕು ಇ-ವೇ ಬಿಲ್ ಇಲ್ಲದೆ ರಸ್ತೆಗಿಳಿದು ಸಿಕ್ಕಿಬಿದ್ದರೆ, 129ನೆಯ ಕಲಮಿನಡಿ ಮಾಲೀಕನೇ ಮುಂದೆ ಬಂದಾಗಲೂ ತೆರಿಗೆಯ ಇಮ್ಮಡಿಯಷ್ಟು ದಂಡ ತೆತ್ತು ಬಿಡಿಸಿಕೊಳ್ಳಬೇಕಾದೀತು.

ವರ್ತಕನ ಲೆಕ್ಕದ ತಂತ್ರಾಂಶವು ಸರ್ಕಾರಿ ಗಣಕದೊಡನೆ ಮಾತನಾಡುವ ದ್ವಾರಕ್ಕೆ ಎಪಿಐ ಎಂದು ಹೆಸರು. ಇದನ್ನು ಮಾರುಕಟ್ಟೆ ಪ್ರಾಂಗಣದ ವೇ ಬ್ರಿಡ್ಜಿಗೆ ಹೋಲಿಸಬಹುದು. ಒಂದೇ ಗಾಡಿ ಹತ್ತು ಸಲ ಹತ್ತಿ ಇಳಿದರೆ ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ಆದ್ದರಿಂದಲೇ ಇಂತಿಷ್ಟು ಅವಧಿಗೆ ಇಂತಿಷ್ಟೇ ಕೋರಿಕೆ ಎಂಬ ಮಿತಿ. ಮಿತಿಯಿಲ್ಲದಿದ್ದರೆ ಆಗುವುದೇನೆಂಬುದನ್ನು 2025ರ ಏಪ್ರಿಲ್ 12ರಂದು ದೇಶವೇ ಕಂಡಿತು. ಅಂದು ಯುಪಿಐ ಪಾವತಿಗಳು ಗಂಟೆಗಟ್ಟಲೆ ಅಸ್ತವ್ಯಸ್ತಗೊಂಡವು. ಕೆಲವು ಬ್ಯಾಂಕುಗಳ ಗಣಕಗಳು ‘ಹಿಂದಿನ ಪಾವತಿ ಏನಾಯಿತು’ ಎಂಬ ಪ್ರಶ್ನೆಯನ್ನು ಎಡೆಬಿಡದೆ ಕಳುಹಿಸಿದ್ದೇ ಕಾರಣವೆಂದು ರಾಷ್ಟ್ರೀಯ ಪಾವತಿ ನಿಗಮವು ಕಂಡುಕೊಂಡಿತು. ಬಳಿಕ ನಿಗಮವು, ಪಾವತಿಯ ಸ್ಥಿತಿಯನ್ನು ಮೊದಲ ಬಾರಿ ಕೇಳಲು 90 ಸೆಕೆಂಡು ಕಾಯಬೇಕು, ಎರಡು ಗಂಟೆಯೊಳಗೆ ಮೂರು ಬಾರಿಗಿಂತ ಹೆಚ್ಚು ಕೇಳಬಾರದು ಎಂದು ಕಟ್ಟುಪಾಡು ವಿಧಿಸಿತು. 2025ರ ಆಗಸ್ಟ್ 1ರಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಬಾರಿ ಮಾತ್ರ ಬಾಕಿ ಶಿಲ್ಕು ನೋಡಬಹುದಾಗಿದೆ. ಮಿತಿಯೆಂಬುದು ಶಿಕ್ಷೆಯಲ್ಲ, ಸರದಿಯ ಶಿಸ್ತು.

ಹಾಗಾದರೆ ದೋಷವನ್ನು ಹುಡುಕುವ ಬಗೆ ಹೇಗೆ? ಮೊದಲು ಸಂದೇಶದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಅಂತರ್ಜಾಲದ ಸಾಮಾನ್ಯ ನಿಯಮದಲ್ಲಿ 429 ಎಂದರೆ ಕೋರಿಕೆಗಳು ಅತಿಯಾದವು ಎಂದರ್ಥ. 500ರಿಂದ ಮೇಲಿನವು ಸರ್ವರಿನ ತೊಂದರೆಯನ್ನು ಸೂಚಿಸುತ್ತವೆ. 429ರ ಜೊತೆಗೆ ಎಷ್ಟು ಹೊತ್ತು ಕಾಯಬೇಕೆಂಬ ಸೂಚನೆಯೂ ಬರಬಹುದು; ಒಳ್ಳೆಯ ತಂತ್ರಾಂಶ ಅದನ್ನು ಓದಿ ಅಷ್ಟು ಹೊತ್ತು ಸುಮ್ಮನಿರುತ್ತದೆ. ಮಿತಿ ಮೀರಿದ್ದು ನಿಮಿಷದ ಲೆಕ್ಕದಲ್ಲೋ, ಮಧ್ಯವರ್ತಿ ಸೇವಾ ಸಂಸ್ಥೆಗೆ ಮುಂಗಡ ತೆತ್ತು ಕೊಂಡ ಕೋರಿಕೆಗಳ ಕೋಟಾದಲ್ಲೋ ಎಂಬುದನ್ನೂ ತಿಳಿಯಬೇಕು. ಮೊದಲನೆಯದು ಕಾದರೆ ಸರಿಹೋಗುತ್ತದೆ, ಎರಡನೆಯದು ಹಣ ಕಟ್ಟದೆ ಸರಿಹೋಗದು.

ಇ-ಇನ್‌ವಾಯ್ಸ್ ವ್ಯವಸ್ಥೆಯಲ್ಲಿ ಒಮ್ಮೆ ಲಾಗಿನ್ ಆದಾಗ ದೊರೆಯುವ ಟೋಕನ್ 6 ಗಂಟೆ ಚಾಲ್ತಿಯಲ್ಲಿರುತ್ತದೆ. ಪ್ರತಿ ಬಿಲ್ಲಿಗೂ ಹೊಸ ಟೋಕನ್ ಕೇಳುವ ತಂತ್ರಾಂಶವು ನಿಷ್ಕಾರಣವಾಗಿ ಕೋರಿಕೆಗಳನ್ನು ಇಮ್ಮಡಿಗೊಳಿಸುತ್ತದೆ. ಉತ್ತರ ಬಾರದಿದ್ದಾಗ ಒಡನೆಯೇ ಮತ್ತೆ ಕಳುಹಿಸುವುದೂ ಅದೇ ಬಗೆಯ ತಪ್ಪು. 2, 4, 8 ಸೆಕೆಂಡು ಹೀಗೆ ಅಂತರವನ್ನು ಹೆಚ್ಚಿಸುತ್ತ, ಕೆಲವು ಪ್ರಯತ್ನಗಳ ನಂತರ ನಿಲ್ಲಿಸುವುದು ಸರಿಯಾದ ಕ್ರಮ.

ಎಲ್ಲಕ್ಕಿಂತ ಅಪಾಯಕರವಾದುದು ಗುಮಾಸ್ತನು ಬೇಸತ್ತು ಬಿಲ್ಲಿನ ಸಂಖ್ಯೆಯನ್ನೇ ಬದಲಿಸಿ ಕಳುಹಿಸುವುದು. ಮೊದಲ ಕೋರಿಕೆ ಆಗಲೇ ನೋಂದಣಿಯಾಗಿ, ಉತ್ತರ ಮಾತ್ರ ದಾರಿಯಲ್ಲಿ ತಪ್ಪಿರಬಹುದು. ಆಗ ಒಂದೇ ಸರಕಿಗೆ ಎರಡು ಇ-ಇನ್‌ವಾಯ್ಸ್ ಹುಟ್ಟಿ, ಎರಡೂ ಜಿಎಸ್‌ಟಿಆರ್-1ಕ್ಕೆ ತಾನಾಗಿ ಹರಿದುಹೋಗುತ್ತವೆ. ರದ್ದತಿಗೆ ಇರುವುದು 24 ಗಂಟೆ ಮಾತ್ರ. ಅದೇ ಸಂಖ್ಯೆಯ ಬಿಲ್ಲನ್ನು ಮರಳಿ ಕಳುಹಿಸಿದರೆ 2150 ಎಂಬ ‘ಈಗಾಗಲೇ ನೋಂದಣಿಯಾಗಿದೆ’ ಎನ್ನುವ ಸಂದೇಶ ಬರುತ್ತದೆಯಷ್ಟೆ. ಬಿಲ್ಲಿನ ವಿವರ ಕೊಟ್ಟು ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯುವ ಪ್ರತ್ಯೇಕ ಸೌಲಭ್ಯವೂ ಉಂಟು. ಮೊದಲು ವಿಚಾರಿಸಿ, ಆಮೇಲೆ ಕಳುಹಿಸುವುದೇ ಕ್ಷೇಮ.

ಈ ಕೆಲಸವೆಲ್ಲ ತಂತ್ರಾಂಶ ಬರೆದವರದೇ ಹೊರತು ವರ್ತಕರದಲ್ಲ ಎಂಬ ವಾದ ನ್ಯಾಯವಾದುದೇ. ಆದರೆ ದಂಡ ತೆರುವವನು ತಂತ್ರಾಂಶದವನಲ್ಲ. ಹೀಗಿರುವಾಗ ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನವೀಕರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಟೋಕನ್ ಮರುಬಳಕೆಯಾಗುತ್ತದೆಯೇ? ಮಿತಿ ಮೀರಿದಾಗ ತಂತ್ರಾಂಶ ತಾನೇ ಕಾಯುತ್ತದೆಯೇ? ಕಳುಹಿಸಿದ ಪ್ರತಿ ಕೋರಿಕೆಯ ಸಮಯ ಹಾಗೂ ಉತ್ತರದ ದಾಖಲೆ ಉಳಿಯುತ್ತದೆಯೇ? ಕೋಟಾ ಮುಗಿಯುವ ಮೊದಲೇ ಎಚ್ಚರಿಕೆ ಬರುತ್ತದೆಯೇ? ಉತ್ತರವನ್ನು ಬರಹದಲ್ಲಿ ಪಡೆಯುವುದು ಲೇಸು.

ಸರ್ಕಾರದ ಹೊಣೆಯೂ ಇಲ್ಲದಿಲ್ಲ. ಮಿತಿ ಹಾಗೂ ದೋಷಸಂಖ್ಯೆಗಳ ವಿವರವು ತಂತ್ರಜ್ಞರ ಇಂಗ್ಲಿಷಿನಲ್ಲಷ್ಟೇ ಇದ್ದರೆ ತಾಲೂಕು ಕೇಂದ್ರದ ಗುಮಾಸ್ತನಿಗೆ ಅದರಿಂದ ಪ್ರಯೋಜನವಿಲ್ಲ. ಕನ್ನಡದಲ್ಲಿ ಒಂದು ಪುಟದ ಕೈಪಿಡಿ ಹೊರತರುವುದು ಇಲಾಖೆಗೆ ಅಸಾಧ್ಯವಾದ ಕೆಲಸವಲ್ಲ. ವಾಣಿಜ್ಯ ಸಂಸ್ಥೆಗಳು ಇದಕ್ಕಾಗಿ ಒತ್ತಾಯಿಸುವುದು ಉಚಿತ.

ಅಲ್ಲಿಯವರೆಗೆ ಬದಲಿ ದಾರಿಗಳನ್ನು ತಿಳಿದಿರಬೇಕು. ಎಪಿಐ ಮುನಿದರೂ ಪೋರ್ಟಲ್ ತೆರೆದು ಕೈಯಾರೆ ಬಿಲ್ಲು ನೋಂದಾಯಿಸಬಹುದು. 2025ರ ಜುಲೈ 1ರಿಂದ ಎರಡನೆಯ ಇ-ವೇ ಬಿಲ್ ಪೋರ್ಟಲ್ ಕೂಡ ಕೆಲಸಮಾಡುತ್ತಿದೆ. ದಿನದ ಬಿಲ್ಲುಗಳನ್ನೆಲ್ಲ ಸಂಜೆಗೆ ಕೂಡಿಹಾಕದೆ ಲಾರಿ ತುಂಬಿದಂತೆಲ್ಲ ಕಳುಹಿಸುತ್ತ ಬಂದರೆ ಮಿತಿಯ ಪ್ರಶ್ನೆ ಬಹುಮಟ್ಟಿಗೆ ಏಳುವುದೇ ಇಲ್ಲ. ಸುಗ್ಗಿಯ ಭರಾಟೆ ತೊಡಗುವ ಮೊದಲೇ ಗುಮಾಸ್ತನಿಗೆ ಇಷ್ಟನ್ನು ಕಲಿಸಿದ ಅಂಗಡಿಯ ಲಾರಿಯು ಅಂಗಳದಲ್ಲಿ ಕಾಯುವ ಸಂದರ್ಭ ವಿರಳವಾದೀತು.