ಖಾಲಿ ಮಂಚದ ಲೆಕ್ಕ

ಅಮೆರಿಕದ ಇಂಡಿಯಾನ ರಾಜ್ಯದಲ್ಲಿ ಗೋಶನ್ ಎಂಬ ಪುಟ್ಟ ಊರಿದೆ. ಅಲ್ಲಿ ಮೆನೊನೈಟ್ ಪಂಥದ ಕ್ರೈಸ್ತರು ನಡೆಸುವ ಗೋಶನ್ ಕಾಲೇಜು 1968ರಲ್ಲಿ, ಅಂದಿಗೆ ವಿಲಕ್ಷಣವೆನಿಸಿದ ಕ್ರಮವೊಂದನ್ನು ಜಾರಿಗೆ ತಂದಿತು. ಪದವಿ ವ್ಯಾಸಂಗದ ಭಾಗವಾಗಿಯೇ ವಿದ್ಯಾರ್ಥಿಗಳು ಸುಮಾರು ಮೂರು ತಿಂಗಳು ಬೇರೊಂದು ದೇಶದಲ್ಲಿ, ಸ್ಥಳೀಯ ಕುಟುಂಬವೊಂದರ ಜೊತೆ ಬಾಳಬೇಕು. ಅರ್ಧ ಅವಧಿ ಅಲ್ಲಿನ ಭಾಷೆ ಮತ್ತು ಸಂಸ್ಕೃತಿಯ ಅಧ್ಯಯನ; ಉಳಿದರ್ಧ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿಮೆ. ಮೊದಲ ತಂಡಗಳು ಕೋಸ್ಟರಿಕಾ, ಜಮೈಕಾ ಮತ್ತು ಗ್ವಾಡಲೂಪ್‌ಗೆ ಹೋದವು. ವಿಯೆಟ್ನಾಂ ಯುದ್ಧ ತಾರಕಕ್ಕೇರಿದ್ದ ವರ್ಷವದು. ಆಯುಧ ಹಿಡಿಯುವುದು ತಮ್ಮ ಧರ್ಮಕ್ಕೆ ವಿರುದ್ಧವೆಂದು ನಂಬಿದ ಮೆನೊನೈಟರು, ಕಡ್ಡಾಯ ಸೈನ್ಯಸೇವೆಗೆ ಬದಲಾಗಿ ನಾಗರಿಕ ಸೇವೆ ಸಲ್ಲಿಸುವ ಪರಿಪಾಠವನ್ನು ಎರಡನೇ ಮಹಾಯುದ್ಧದ ಕಾಲಕ್ಕಾಗಲೇ ಬೆಳೆಸಿಕೊಂಡಿದ್ದರು. ಆ ಮನೋಭಾವವೇ ಕಾಲೇಜಿನ ಪಠ್ಯಕ್ರಮಕ್ಕೂ ಇಳಿದುಬಂದಿತೆಂದು ನಾನು ತಿಳಿಯುತ್ತೇನೆ.

ಇಂಥ ಯೋಜನೆಯನ್ನು ಒಂಟಿಯಾಗಿ ನಡೆಸಲು ಎಲ್ಲ ಸಣ್ಣ ಕಾಲೇಜುಗಳಿಗೂ ಶಕ್ತಿ ಇರಲಿಲ್ಲ. ಆದ್ದರಿಂದ ಕ್ರೈಸ್ತ ಕಾಲೇಜುಗಳ ಒಕ್ಕೂಟವೊಂದು 1976ರಲ್ಲಿ ವಾಷಿಂಗ್ಟನ್ನಿನಲ್ಲಿ ಹೊರಾವರಣ ಸೆಮಿಸ್ಟರ್ ಆರಂಭಿಸಿತು. ಮುಂದೆ ಕೋಸ್ಟರಿಕಾ, ಕೈರೋ, ಆಕ್ಸ್‌ಫರ್ಡ್ ಮತ್ತು ಉಗಾಂಡಗಳಿಗೂ ಅದು ಹಬ್ಬಿತು. ಮಿನ್ನೆಸೋಟದ ಲೂಥರನ್ ಕಾಲೇಜುಗಳಿಗೆ ನಮ್ಮ ಬೆಂಗಳೂರಿನ ಪರಿಚಯವೂ ಇದೆ. ಗಸ್ಟಾವಸ್ ಅಡಾಲ್ಫಸ್ ಮತ್ತು ಕಾಂಕಾರ್ಡಿಯಾ ಕಾಲೇಜುಗಳ ವಿದ್ಯಾರ್ಥಿಗಳು ಸಾಮಾಜಿಕ ನ್ಯಾಯ, ಶಾಂತಿ ಮತ್ತು ಅಭಿವೃದ್ಧಿ ಎಂಬ ವಿಷಯದ ಸೆಮಿಸ್ಟರಿಗೆ ಇಲ್ಲಿನ ‘ವಿಸ್ತಾರ್’ ಸಂಸ್ಥೆಗೆ ಬಂದು ತಂಗುತ್ತಿದ್ದುದುಂಟು.

ಸುಮಾರು ಎರಡು ದಶಕಗಳ ಹಿಂದೆ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಸೇವೆಯಲ್ಲಿದ್ದಾಗ ನಾನು ಇಂಥದೊಂದು ತಂಡವನ್ನು ಕಂಡಿದ್ದೆ. ಆಡಳಿತಗಾರನಿಗೆ ಸಹಜವಾದ ಅನುಮಾನ ನನಗೂ ಇತ್ತು: ಇವರು ಮತಪ್ರಚಾರಕ್ಕೆ ಬಂದವರೇ? ನಾನು ನೋಡಿದ ಮಟ್ಟಿಗೆ ಅಂಥದೇನೂ ಇರಲಿಲ್ಲ. ಮೊದಲ ಭೇಟಿಯಲ್ಲಿ ಅವರು ಎಲ್ಲ ಪ್ರವಾಸಿಗರಂತೆ ಚಿತ್ರ ತೆಗೆದರು, ಮಕ್ಕಳಿಗೆ ಮಿಠಾಯಿ ಹಂಚಿದರು. ನನಗೆ ಬೇಸರವೇ ಆಯಿತೆನ್ನಿ. ಸುಮಾರು ಎರಡು ತಿಂಗಳ ನಂತರ ಅದೇ ತಂಡದ ಹುಡುಗಿಯೊಬ್ಬಳು, ಅಷ್ಟು ಹೊತ್ತಿಗೆ ಕೊಂಚ ಕನ್ನಡ ಕಲಿತಿದ್ದವಳು, ಮಾಜಿ ದೇವದಾಸಿ ಮಹಿಳೆಯೊಬ್ಬರ ಮಗಳ ಜೊತೆ ನನ್ನ ಕಚೇರಿಗೆ ಬಂದಳು. ಕೈಯಲ್ಲಿ ನಮ್ಮದೇ ಒಂದು ಅರ್ಜಿ ನಮೂನೆ. ‘ಸರ್, ತಂದೆಯ ಹೆಸರು ಎಂಬ ಕಡೆ ಇವರು ಏನು ಬರೆಯಬೇಕು?’ ಎಂದು ಕೇಳಿದಳು.

ಆ ನಮೂನೆಯನ್ನು ನಾನು ನೂರಾರು ಬಾರಿ ನೋಡಿದ್ದೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ 1982ರ ಕಾಯ್ದೆಯನ್ನೂ ಓದಿದ್ದೆ. ಆದರೂ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ತಂದೆಯ ಹೆಸರನ್ನು ಹೇಳದಿರುವ ಹಕ್ಕನ್ನು ಈ ಮಕ್ಕಳಿಗೆ ಸ್ಪಷ್ಟವಾಗಿ ಕೊಡುವ ಮಸೂದೆಗೆ ನಮ್ಮ ವಿಧಾನಮಂಡಲ ಒಪ್ಪಿಗೆ ಕೊಟ್ಟದ್ದು 2025ರಲ್ಲಿ. ಆ ಅಮೆರಿಕನ್ ಹುಡುಗಿಯಿಂದ ಇದಾಯಿತೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಹೋರಾಡಿದವರು ಇಲ್ಲಿಯವರೇ. ಎರಡು ದಿನದ ಭೇಟಿಯಲ್ಲಿ ಕಾಣದ್ದು ಅವಳಿಗೆ ಎರಡು ತಿಂಗಳಲ್ಲಿ ಕಂಡಿತು ಎಂಬುದಷ್ಟೇ ನನ್ನ ಮಾತು.

ಈ ಅವಧಿಯೇ ಈಗ ಕರಗುತ್ತಿದೆ. ಕ್ರೈಸ್ತ ಕಾಲೇಜುಗಳಷ್ಟೇ ಅಲ್ಲ, ಅಮೆರಿಕದ ಎಲ್ಲ ಕಾಲೇಜುಗಳಿಂದ 2018-19ರಲ್ಲಿ ಸುಮಾರು 3.47 ಲಕ್ಷ ವಿದ್ಯಾರ್ಥಿಗಳು ಹೊರದೇಶಗಳಲ್ಲಿ ಓದಿದರು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಹೋದದ್ದು ಬೇಸಿಗೆ ರಜೆಗೆ ಅಥವಾ ಎಂಟು ವಾರ ಮೀರದ ಅವಧಿಗೆ. ಪೂರ್ತಿ ವರ್ಷ ಇದ್ದವರು ಶೇ 2ರ ಆಸುಪಾಸು. ಕೋವಿಡ್ ಬಂದ ಮೇಲೆ, 2020-21ರಲ್ಲಿ, ಒಟ್ಟು ಸಂಖ್ಯೆ 15 ಸಾವಿರಕ್ಕೂ ಕೆಳಗಿಳಿಯಿತು. 2022-23ರ ವೇಳೆಗೆ 2.8 ಲಕ್ಷಕ್ಕೆ ಚೇತರಿಸಿಕೊಂಡಿತು. ಕ್ರೈಸ್ತ ಕಾಲೇಜುಗಳ ಒಕ್ಕೂಟ ರಷ್ಯಾ ಮತ್ತು ಚೀನಾಗಳಲ್ಲಿ ನಡೆಸುತ್ತಿದ್ದ ಸೆಮಿಸ್ಟರುಗಳು ಮುಚ್ಚಿಹೋಗಿವೆ.

ಇದಕ್ಕೆ ವಿದ್ಯಾರ್ಥಿಗಳ ಉತ್ಸಾಹ ಕುಂದಿದ್ದೇ ಕಾರಣವೆಂದು ಹೇಳುವವರಿದ್ದಾರೆ. ಅರ್ಥಶಾಸ್ತ್ರ ಓದಿದ ನನಗೆ ಕಾರಣ ಬೇರೆಡೆ ಕಾಣುತ್ತದೆ. ಅಮೆರಿಕದ ಸಣ್ಣ ಕ್ರೈಸ್ತ ಕಾಲೇಜುಗಳಿಗೆ ದೊಡ್ಡ ದತ್ತಿನಿಧಿಗಳಿಲ್ಲ. ಬೋಧನಾ ಶುಲ್ಕ ಮತ್ತು ಹಾಸ್ಟೆಲ್ ಬಾಡಿಗೆಯೇ ಅವುಗಳ ಜೀವಾಳ. ವಿದ್ಯಾರ್ಥಿಯೊಬ್ಬ ಒಕ್ಕೂಟದ ಅಥವಾ ಬೇರೊಂದು ಸಂಸ್ಥೆಯ ಸೆಮಿಸ್ಟರಿಗೆ ಹೋದರೆ ಅವನು ಕಟ್ಟಿದ ಹಣದ ಬಹುಭಾಗ ಅತ್ತ ಹರಿಯುತ್ತದೆ. ಇತ್ತ ಅವನ ಕೋಣೆಯ ಮಂಚ ನಾಲ್ಕು ತಿಂಗಳು ಖಾಲಿ. ಆದರೆ ಕಟ್ಟಡದ ಸಾಲ, ಅಧ್ಯಾಪಕರ ಸಂಬಳ, ಚಳಿಗಾಲದಲ್ಲಿ ಕಟ್ಟಡ ಬಿಸಿ ಮಾಡುವ ಖರ್ಚು, ಯಾವುದೂ ಆ ಮಂಚಕ್ಕಾಗಿ ಕಡಿಮೆಯಾಗುವುದಿಲ್ಲ. ಹದಿನೆಂಟರ ವಯಸ್ಸಿನವರ ಸಂಖ್ಯೆಯೇ ಇಳಿಮುಖವಾಗಿ, ಪ್ರವೇಶಾತಿ ಕುಸಿಯುತ್ತಿರುವ ಕಾಲೇಜಿಗೆ ಇದು ಸಣ್ಣ ಪೆಟ್ಟಲ್ಲ. ಅದೇ ರಜೆಯಲ್ಲಿ ಮೂರು ವಾರದ ಪ್ರವಾಸ ಏರ್ಪಡಿಸಿದರೆ ಸೆಮಿಸ್ಟರಿನ ಶುಲ್ಕ ಕೈತಪ್ಪುವುದಿಲ್ಲ, ಪ್ರವಾಸಕ್ಕೆ ಪ್ರತ್ಯೇಕ ಹಣ ಬರುತ್ತದೆ, ಕರಪತ್ರದಲ್ಲಿ ‘ಜಾಗತಿಕ ಅನುಭವ’ ಎಂದು ಅಚ್ಚು ಹಾಕಿಸಲೂಬಹುದು!

ಆತಿಥೇಯರ ಲೆಕ್ಕ ಇದಕ್ಕೆ ತದ್ವಿರುದ್ಧ. ಹದಿನೈದು ವಾರ ಇರುವವನಿಗೆ ಆರಂಭದ ಮೂರು ವಾರ ಊಟ, ನೀರು, ಭಾಷೆ ಎಲ್ಲವನ್ನೂ ಹೇಳಿಕೊಡಬೇಕು. ಅಷ್ಟು ದಿನ ಅವನು ಹೊರೆಯೇ. ಆಮೇಲಿನ ದಿನಗಳಲ್ಲಿ ಒಂದಿಷ್ಟು ಉಪಯೋಗಕ್ಕೆ ಬರುತ್ತಾನೆ. ಮೂರೇ ವಾರಕ್ಕೆ ಬಂದವನು ಹೊರೆಯಾಗಿ ಬಂದು ಹೊರೆಯಾಗಿಯೇ ಹೋಗುತ್ತಾನೆ. ಸೇವೆಯ ಹೆಸರಿನಲ್ಲಿ ಅವನು ಬಳಿದ ಶಾಲೆಯ ಗೋಡೆಯನ್ನು ನಮ್ಮ ಊರಿನ ಪೇಂಟರ್ ಒಂದೇ ದಿನದಲ್ಲಿ, ಇನ್ನೂ ಚೆನ್ನಾಗಿ ಬಳಿಯಬಲ್ಲ. ಅವನಿಗೆ ಒಂದು ದಿನದ ಕೂಲಿಯಾದರೂ ಸಿಗುತ್ತಿತ್ತು.

ಇನ್ನೊಂದು ಮಾತು ಹೇಳಬೇಕು. ತನ್ನ ಕಾಲೇಜು ಕ್ರೆಡಿಟ್ ಕೊಡಲು ಒಪ್ಪಿದ ವಿದೇಶಿ ಸೆಮಿಸ್ಟರಿಗೆ ಅಮೆರಿಕದ ಅರ್ಹ ವಿದ್ಯಾರ್ಥಿ ತನ್ನ ಸರ್ಕಾರದ ಶಿಕ್ಷಣ ನೆರವನ್ನು ಬಳಸಬಹುದು. ಬಡವರ ಮಕ್ಕಳೂ ಹೊರಡಲು ಅನುವಾದ ಒಳ್ಳೆಯ ನಿಯಮವದು. ನಮ್ಮ ಕಡೆಯಿಂದ? 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3.31 ಲಕ್ಷ. ಅವರಲ್ಲಿ ಬಹುಪಾಲು ಇಡೀ ಪದವಿಗೆ ಹೋದವರು, ಅನೇಕರು ತಂದೆಯ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಹೋದವರು. ಒಂದೇ ಸೆಮಿಸ್ಟರಿಗೆ ಹೋಗಿ ನೋಡಿ ಬರುವ ಅವಕಾಶ ನಮ್ಮ ಸಾಮಾನ್ಯ ಬಿ.ಎ. ವಿದ್ಯಾರ್ಥಿಗೆ ಇಲ್ಲವೆಂದೇ ಹೇಳಬೇಕು. ಯುಜಿಸಿ 2022ರಲ್ಲಿ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಜೋಡಿ ವ್ಯಾಸಂಗಕ್ಕೆ ನಿಯಮ ರೂಪಿಸಿದೆ, ನಿಜ. ವಿಮಾನದ ದರ ಯಾರು ಕೊಡಬೇಕೆಂಬುದಕ್ಕೆ ಆ ನಿಯಮದಲ್ಲಿ ಉತ್ತರವಿಲ್ಲ.

ಉತ್ತರ ಆ ಖಾಲಿ ಮಂಚದಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಒಂದು ಕಾಲೇಜು ಹತ್ತು ಮಂದಿಯನ್ನು ಬೆಂಗಳೂರಿಗೋ ಉಗಾಂಡಕ್ಕೋ ಕಳುಹಿಸಿದಾಗ ಅದರ ಹಾಸ್ಟೆಲಿನಲ್ಲಿ ಹತ್ತು ಮಂಚಗಳೂ ತರಗತಿಗಳಲ್ಲಿ ಹತ್ತು ಆಸನಗಳೂ ತೆರವಾಗುತ್ತವೆ. ಅವುಗಳ ಖರ್ಚು ಹೇಗಿದ್ದರೂ ಆಗಲೇಬೇಕಾದ ಖರ್ಚು. ಅಲ್ಲಿಗೆ ಆತಿಥೇಯರ ಊರಿನ ಇಬ್ಬರನ್ನು ಕರೆಸಿಕೊಂಡರೆ ಹೆಚ್ಚುವರಿಯಾಗಿ ಬೀಳುವುದು ವಿಮಾನದ ದರ, ವೀಸಾ ಶುಲ್ಕ, ಆರೋಗ್ಯ ವಿಮೆ ಮತ್ತು ಊಟ. ಹೋದ ಹತ್ತು ಮಂದಿಯ ಶುಲ್ಕದಲ್ಲಿ ಸಣ್ಣದೊಂದು ಪಾಲನ್ನು ಇದಕ್ಕೆಂದು ತೆಗೆದಿರಿಸುವುದು ಅಸಾಧ್ಯವೇನಲ್ಲ. ವೀಸಾ ಅಧಿಕಾರಿ ಖರ್ಚು ಭರಿಸುವವರು ಯಾರೆಂದು ಕೇಳಿದಾಗ ತೋರಿಸಲು ಕಾಲೇಜಿನ ಪತ್ರವೂ ಇರುತ್ತದೆ. ಇಲ್ಲಿನ ಸಂಸ್ಥೆಗಳು ಮುಂದಿನ ತಂಡವನ್ನು ಬರಮಾಡಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಎರಡು ಷರತ್ತುಗಳನ್ನು ಬರೆಸಿಕೊಳ್ಳಲಿ: ವಾಸ ಹನ್ನೆರಡು ವಾರಕ್ಕೆ ಕಡಿಮೆಯಾಗಬಾರದು, ಆ ಮಂಚಗಳಲ್ಲಿ ಎರಡು ನಮ್ಮವರಿಗೆ.